ಹಂಚು ಮೊದಲೋ, ಸಿಗಂದೂರು ಮೊದಲೋ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಪುಟ್ಟ ಕಿರಾಣಿ ಅಂಗಡಿ. ಮೇ ತಿಂಗಳ ಒಂದು ಶನಿವಾರ, ಸಂಜೆ ಏಳರ ಸುಮಾರು. ಮಾಲೀಕರು ಬೆಲ್ಲ ತೂಗುತ್ತಿದ್ದಾರೆ. ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಅವರ ಮನೆಯವರು ಬಂದು ಗಲ್ಲಾಪೆಟ್ಟಿಗೆಯ ಪಕ್ಕ ನಿಂತರು.

"ರೀ, ನಾಳೆ ಸಿಗಂದೂರಿಗೆ ಹೋಗೋಣ ಅಂದಿದ್ರಿ."

"ಹಂಚು ಕೈಯಾಡ್ಸೋದು ಬಾಕಿ ಇದೆಯಲ್ಲೇ ಮಾರಾಯ್ತಿ. ಮಳೆ ತಲೆ ಮೇಲೆ ಬಂದು ಕೂತಿದೆ. ಮೊದಲು ಹಂಚು, ಆಮೇಲೆ ಸಿಗಂದೂರು."

"ದೀಪಾವಳೀಲಿ ಕೇಳ್ದಾಗ್ಲೂ ಹಂಚು ಅಂದ್ರಿ. ಹಂಚೂ ಆಗ್ಲಿಲ್ಲ, ಸಿಗಂದೂರೂ ಆಗ್ಲಿಲ್ಲ."

ಬೆಲ್ಲಕ್ಕೆ ಕಾಯುತ್ತಿದ್ದವರು ನಕ್ಕರು. ಅವರಲ್ಲೊಬ್ಬ ಮಹಾಶಯರು ಸುಮ್ಮನಿರಲಾರದೆ, "ಫ್ರೀ ಬಸ್ಸು ಇದೆಯಲ್ಲಮ್ಮ, ಹತ್ತಿ ಹೋಗಿಬನ್ನಿ. ನಿಮಗೆಲ್ಲ ಈಗ ಊರು ಸುತ್ತೋದೇ ಕೆಲಸ" ಅಂದರು. ಮತ್ತೆ ನಗು. ಆಕೆ ನಗಲಿಲ್ಲ. ಚೀಲಕ್ಕೆ ಎರಡು ಕೇಜಿ ಅಕ್ಕಿ ಹಾಕಿಸಿಕೊಂಡು ಹೊರಟುಹೋದರು. ಸ್ವಂತ ಅಂಗಡಿಯ ಅಕ್ಕಿಯೇ ಆದರೂ ಹೊತ್ತುಕೊಂಡು ಹೋಗುವವರು ಅವರೇ.

ಇದು ಒಂದು ಮನೆಯ ಜಗಳವಲ್ಲ. ಜಿಲ್ಲೆಯ ಅರ್ಧಕ್ಕರ್ಧ ಮನೆಗಳಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಇದೇ ಮಾತು. ಮನೆ ರಿಪೇರಿಯೋ, ಒಂದು ದಿನದ ತಿರುಗಾಟವೋ? ಇರುವುದು ಒಂದೇ ಪರ್ಸು. ಆ ಪರ್ಸಿನ ಗುಂಡಿ ಬಿಚ್ಚುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ಹಂಚೂ ಸಿಗಂದೂರೂ ಬರೀ ನೆಪ.

ಮೊದಲು ಹಂಚಿನ ವಿಷಯ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಹುಲ್ಲಿನ ಮಾಡು ಒಂದೊಂದಾಗಿ ಹೋಗಿ ಕೆಂಪು ಹಂಚು ಬಂತು. ಹಂಚು ಗಟ್ಟಿ, ತಂಪು, ಬಾಳಿಕೆ. ಆದರೆ ವರ್ಷಕ್ಕೊಮ್ಮೆ ಮೇಲೆ ಹತ್ತಿ ನೋಡಲೇಬೇಕು. ಮಂಗ ಹಾರಿ ಒಡೆದದ್ದು, ತೆಂಗಿನ ಗರಿ ಬಿದ್ದು ಜರುಗಿದ್ದು, ಸಂದಿಯಲ್ಲಿ ಕಸ ಕಟ್ಟಿ ನೀರು ಹಿಂದಕ್ಕೆ ತಿರುಗಿದ್ದು ಇದ್ದೇ ಇರುತ್ತದೆ. ಎಲ್ಲವನ್ನೂ ಎತ್ತಿ, ಕಸ ಕೊಡವಿ, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸಬೇಕು. ಕೈಯಾಡಿಸುವುದು ಅಂದರೆ ಅಷ್ಟೇ. ಆದರೆ ಜೂನ್ ಮಳೆ ಹಿಡಿಯುವ ಮೊದಲು ಆಗಬೇಕು. ಮಳೆ ಹಿಡಿದ ಮೇಲೆ ಹಂಚಿನ ಮೇಲೆ ಪಾಚಿ, ಕಾಲಿಟ್ಟರೆ ಜಾರು, ಯಾವ ಆಳೂ ಹತ್ತುವುದಿಲ್ಲ.

ಗಾಂಧಿ ಬಜಾರಿನ ಈ ಸಾಹುಕಾರರ ಮನೆಯಲ್ಲಿ ಎರಡು ವರ್ಷದಿಂದ ಆ ಕೆಲಸ ಆಗಿಲ್ಲ. ಅಡುಗೆಮನೆಯಲ್ಲಿ ಮೂರು ಕಡೆ ಸೋರುತ್ತದೆ. ಮೊದಮೊದಲು ಬಕೀಟು ಇಡುತ್ತಿದ್ದರು. ಆಮೇಲೆ ಪಾತ್ರೆ ಸಾಲದೆ ಟಾರ್ಪಲ್ ಬಂತು. ಅತ್ತೆಯವರ ಮಂಚ ಒಂದು ಮಳೆಗಾಲದಲ್ಲಿ ನಾಲ್ಕು ಸಲ ಜಾಗ ಬದಲಿಸಿತು. ಒಂದು ರೀಪಿಗೆ ಗೆದ್ದಲು ಹಿಡಿದಿದೆ, ಅದು ಪಕಾಸಿಗೆ ದಾಟಿದರೆ ಸಾವಿರದಲ್ಲಿ ಮುಗಿಯುವುದು ಲಕ್ಷಕ್ಕೆ ಹೋಗುತ್ತದೆ. ಅದಕ್ಕಿಂತ ಹೆಚ್ಚಿನದು ಗೋಡೆ. ಹಳೇ ಮನೆ, ಮಣ್ಣಿನ ಗೋಡೆ. ಮೇಲಿನಿಂದ ನೀರು ಇಳಿದು ಗೋಡೆಯೊಳಗೆ ಕುಡಿದರೆ ಒಂದು ರಾತ್ರಿ ಅದು ಯಾರನ್ನೂ ಕೇಳದೆ ಮಲಗುತ್ತದೆ. ಗೋಡೆ ಕುಸಿದ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಬರದೇ ಇರುವ ವರ್ಷ ಮಲೆನಾಡಿನಲ್ಲಿ ಇಲ್ಲ. ಆದ್ದರಿಂದ ಹಂಚು ಮೊದಲು ಅನ್ನುವ ಯಜಮಾನರ ಮಾತು ತಪ್ಪೇನಲ್ಲ. ತಪ್ಪು ಇರುವುದು, ಹೇಳಿದವರು ಮಾಡದೇ ಇದ್ದದ್ದರಲ್ಲಿ. "ಆಳು ಸಿಗಲ್ಲ" ಅನ್ನುವುದು ಅವರ ಶಾಶ್ವತ ಉತ್ತರ. ಆಳನ್ನು ಹುಡುಕಿದವರು ಯಾರು ಎಂದು ಕೇಳಿದರೆ ತಕ್ಕಡಿಯ ಕಡೆ ನೋಡುತ್ತಾರೆ.

ಇನ್ನು ಸಿಗಂದೂರು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಸಿಗಂದೂರು ಅಂದ ತಕ್ಷಣ ಚೌಡೇಶ್ವರಿ ದೇವಸ್ಥಾನ, ಹರಕೆ, ಪ್ರಸಾದ ಅಂತ ಗಿರಾಕಿ ಮಹಾಶಯರು ನಕ್ಕರಲ್ಲ, ಆಕೆಗೆ ಅದು ದೇವಸ್ಥಾನ ಮಾತ್ರವಲ್ಲ. ಆಕೆಯ ತವರು ತುಮರಿಯ ಕಡೆ. ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಳು. ಗದ್ದೆ, ತೋಟ, ಮನೆ, ದೇವರ ಕಟ್ಟೆ ಎಲ್ಲ ನೀರಿನ ಅಡಿಗೆ ಹೋಯಿತು. ಆ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ತನಕ ಕರೆಂಟು ತೆಗೆಯಬಹುದು, ಬೆಂಗಳೂರಿಗೆ ದೀಪ ಹತ್ತಿತು. ತುಮರಿಯವರಿಗೆ ಸಿಕ್ಕಿದ್ದು ದ್ವೀಪದ ಬಾಳು. ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕು. ಕತ್ತಲಾದರೆ ಲಾಂಚು ಇಲ್ಲ. ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ, ಹಾವು ಗಡಿಯಾರ ನೋಡಿ ಕಚ್ಚುವುದಿಲ್ಲ. ರಾತ್ರಿ ಏನಾದರೂ ಆದರೆ ಸುತ್ತು ಬಳಸಿ ಹೋಗಬೇಕು, ಇಲ್ಲವೇ ಬೆಳಗಾಗುವ ತನಕ ದೇವರನ್ನು ನೆನೆಯಬೇಕು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಆಗ ಬಸ್ಸು ಈಚೆ ದಡದಲ್ಲಿ, ಜನ ಆಚೆ ದಡದಲ್ಲಿ.

ಮುಳುಗಡೆಯವರ ಹಕ್ಕುಪತ್ರದ ಗೋಳು ಬೇರೆಯೇ ಒಂದು ರಾಮಾಯಣ. ಅದು ಇನ್ನೊಂದು ದಿನಕ್ಕೆ ಇರಲಿ.

ಸೇತುವೆ ಬೇಕು ಎಂದು ಆ ಜನ ಕೇಳುತ್ತ ಕೇಳುತ್ತ ಒಂದು ತಲೆಮಾರು ಮುದುಕಾಯಿತು. 2018ರಲ್ಲಿ ಅಡಿಗಲ್ಲು ಬಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಉದ್ದ, ನಾನೂರು ಕೋಟಿಗೂ ಮೇಲೆ ಖರ್ಚು. ಉದ್ಘಾಟನೆಯ ದಿನ ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ ಎಂದು ದೊಡ್ಡವರೆಲ್ಲ ಜಗಳವಾಡಿದರು. ಊರಿನವರು ಮಾತ್ರ ಸುಮ್ಮನೆ ಸೇತುವೆಯ ಮೇಲೆ ನಡೆದು ಆಚೆಗೊಮ್ಮೆ ಈಚೆಗೊಮ್ಮೆ ಹೋಗಿ ಬಂದರು.

ಈ ಅಂಗಡಿಯ ಅಮ್ಮನವರು ಆ ಸೇತುವೆಯನ್ನು ದಾಟಿಲ್ಲ. ಮದುವೆಯಾದಂದಿನಿಂದ ತವರಿಗೆ ಹೋದಾಗಲೆಲ್ಲ ಮಗುವನ್ನು ಕಂಕುಳಲ್ಲಿ, ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ಲಾಂಚಿಗೆ ಕಾದವರು. ಬಸ್ಸಿನಿಂದ ಇಳಿಯದೆ ಒಂದು ಸಲ ಅಪ್ಪಯ್ಯನ ಮನೆ ಹತ್ತಿರ ಹೋಗಬೇಕು ಅನ್ನುವುದು ಅವರ ಆಸೆ. ಅಪ್ಪಯ್ಯನಿಗೆ ಎಂಬತ್ತು ದಾಟಿದೆ. ಫೋನಿನಲ್ಲಿ ಅವರು ಕೇಳುವುದು ಒಂದೇ ಮಾತು: "ಸೇತುವೆ ಆಯ್ತಲ್ಲೇ ತಂಗಿ, ಇನ್ನೇನು ಅಡ್ಡಿ?"

ಅಡ್ಡಿ ಏನು ಎಂದು ತಂದೆಗೆ ಹೇಳುವುದು ಹೇಗೆ? ಹಂಚು ಅಡ್ಡಿ ಎನ್ನುವುದೇ?

ಫ್ರೀ ಬಸ್ಸಿನ ಕೊಂಕು

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ರಾಜಹಂಸ, ಐರಾವತಗಳಿಗೆ ಇಲ್ಲ, ಹೊರರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಲೆಕ್ಕ ಐನೂರು ಕೋಟಿ ಮುಟ್ಟಿತು.

ಅಂದಿನಿಂದ ಅಂಗಡಿ ಕಟ್ಟೆಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ಒಂದೇ ಹಾಡು. "ಹೆಂಗಸ್ರು ಮನೇಲಿ ನಿಲ್ಲೋದೇ ಇಲ್ಲ ಮಾರಾಯ್ರೆ." ಮಜಾ ಅಂದರೆ, ಹೀಗೆ ಹೇಳುವವರ ಅಂಗಡಿಗೇ ಅದೇ ಹೆಂಗಸರು ಬಂದು ಹೂವು, ಊದಿನಕಡ್ಡಿ, ಪ್ಲಾಸ್ಟಿಕ್ ಕೊಡ, ಮಕ್ಕಳ ಅಂಗಿ ಕೊಳ್ಳುತ್ತಾರೆ. ಟಿಕೆಟ್ಟಿಗೆ ಹೋಗುತ್ತಿದ್ದ ದುಡ್ಡು ಗಲ್ಲಾಪೆಟ್ಟಿಗೆಗೆ ಬಂದಾಗ ಯಾವ ಸಾಹುಕಾರರೂ "ಇದು ಫ್ರೀ ಬಸ್ಸಿನ ದುಡ್ಡು, ಬೇಡ" ಎಂದದ್ದು ಗಾಂಧಿ ಬಜಾರಿನಲ್ಲಿ ಯಾರೂ ಕೇಳಿಲ್ಲ.

ಗಂಡಸರು ಊರು ಸುತ್ತಿದರೆ ಅದು ವ್ಯವಹಾರ. ಶನಿವಾರ ರಾತ್ರಿ ಗೆಳೆಯರ ಜೊತೆ ಆಗುಂಬೆಗೆ ಹೋದರೂ ವ್ಯವಹಾರವೇ. ಹೆಂಗಸು ತಂಗಿಯ ಮಗುವನ್ನು ನೋಡಲು ಭದ್ರಾವತಿಗೆ ಹೋದರೆ ಅದು ತಿರುಗಾಟ! 1961ರ ಅಂಗಡಿ ಕಾಯ್ದೆಯಲ್ಲಿ ಕೆಲಸದ ಹುಡುಗನಿಗೆ ವಾರಕ್ಕೊಂದು ರಜೆ ಕೊಡಲೇಬೇಕು ಎಂದು ಬರೆದಿದೆ. ಲೇಬರ್ ಇನ್ಸ್‌ಪೆಕ್ಟರ್ ಬಂದರೆ ಸಾಹುಕಾರರು ರಿಜಿಸ್ಟರ್ ತೆಗೆದು ತೋರಿಸುತ್ತಾರೆ. ಅದೇ ಸಾಹುಕಾರರ ಅಡುಗೆಮನೆಗೆ ಯಾವ ರಿಜಿಸ್ಟರೂ ಇಲ್ಲ, ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ.

ಹಾಗೆಂದು ದಿನನಿತ್ಯ ಓಡಾಡುವ ಗಂಡಸರ ಗೋಳು ಸುಳ್ಳಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ದಾರಿ. ಭಾನುವಾರ ಬೆಳಿಗ್ಗೆ ಜೋಗಕ್ಕೆ, ಸಿಗಂದೂರಿಗೆ, ಇಕ್ಕೇರಿಗೆ ಹೋಗುವವರೆಲ್ಲ ಒಂದೇ ಬಸ್ಸಿಗೆ ಮುಗಿಬೀಳುತ್ತಾರೆ. "ಒಳಗೆ ಸರೀರಿ, ಒಳಗೆ ಸರೀರಿ" ಎಂದು ಕಂಡಕ್ಟರ್ ಗಂಟಲು ಹರಿದುಕೊಳ್ಳುತ್ತಾನೆ. ಒಳಗೆ ಸರಿಯಲು ಜಾಗ ಇದ್ದರೆ ತಾನೆ? ದುಡ್ಡು ಕೊಟ್ಟು ಟಿಕೆಟ್ ತೆಗೆದವನು ಆನಂದಪುರದ ತನಕ ಒಂಟಿ ಕಾಲಿನಲ್ಲಿ ನಿಲ್ಲುತ್ತಾನೆ. 2025ರ ಜನವರಿಯಲ್ಲಿ ಟಿಕೆಟ್ ದರವನ್ನು ನೂರಕ್ಕೆ 15ರಷ್ಟು ಏರಿಸಿದಾಗ ಆ ಏರಿಕೆ ಬಿದ್ದದ್ದೂ ಅವನ ಜೇಬಿಗೇ. ಯೋಜನೆ ಮಾಡಿದಾಗ ನಗರ ಸಾರಿಗೆಯ ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಎಂದು ಆದೇಶದಲ್ಲೇ ಬರೆದಿದ್ದರು. ನೂಕುನುಗ್ಗಲಿನಲ್ಲಿ ಆ ಲೆಕ್ಕ ಹಿಡಿಯುವವರು ಯಾರು? ಆದೇಶ ಫೈಲಿನಲ್ಲಿ ಕೂತಿದೆ, ಪ್ರಯಾಣಿಕ ನಿಂತಿದ್ದಾನೆ.

ಸಿಟ್ಟು ಬರುವುದು ಸಹಜ. ಆದರೆ ಸಿಟ್ಟು ಪಕ್ಕದ ಸೀಟಿನ ಅಜ್ಜಿಯ ಮೇಲೆ ಯಾಕೆ? ಆ ಅಜ್ಜಿ ಬಸ್ಸಿನ ಸಂಖ್ಯೆ ನಿರ್ಧರಿಸಿದವರಲ್ಲ. ಭಾನುವಾರ ಜನ ಹೆಚ್ಚು ಎಂದು ಶಿವಮೊಗ್ಗದ ಕಡಲೆಕಾಯಿ ಮಾರುವ ಹುಡುಗನಿಗೂ ಗೊತ್ತು, ಅವನು ಅಂದು ಎರಡು ಪಟ್ಟು ಹುರಿದು ತರುತ್ತಾನೆ. ಡಿಪೋದಲ್ಲಿ ಕೂತವರಿಗೂ ಅಷ್ಟು ಗೊತ್ತಿರಬೇಡವೇ? ಜಾತ್ರೆಗೆ ಸ್ಪೆಷಲ್ ಬಸ್ಸು ಬಿಡುತ್ತಾರೆ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ. ಭಾನುವಾರದ ಜಾತ್ರೆ ವಾರ ವಾರವೂ ಇದೆ.

ಖಾಸಗಿ ಬಸ್ಸಿನ ದಾರಿಯವರ ಪಾಡೇನು?

ಈ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ಇದೆ. ಬೆಂಗಳೂರಿನಲ್ಲಿ ಕೂತು ಯೋಜನೆ ಮಾಡುವವರಿಗೆ ಇದು ಬೇಗ ಹೊಳೆಯುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಎಷ್ಟೋ ಹಳ್ಳಿದಾರಿಗಳಲ್ಲಿ ಮೊದಲಿನಿಂದಲೂ ಓಡುವುದು ಖಾಸಗಿ ಬಸ್ಸೇ. ಸರ್ಕಾರಿ ಬಸ್ಸು ಅಲ್ಲಿಗೆ ಮೂಗು ಹಾಕುವುದಿಲ್ಲ. ಖಾಸಗಿ ಬಸ್ಸಿನಲ್ಲಿ ಶಕ್ತಿ ಇಲ್ಲ, ಪೂರ್ತಿ ಟಿಕೆಟ್ಟು. ಅಂದರೆ ಪೇಟೆಯ ಬ್ಯಾಂಕ್ ಉದ್ಯೋಗಿ ಅಮ್ಮನವರು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾರೆ. ಕಾಡಂಚಿನ ಹಳ್ಳಿಯಿಂದ ಅಡಕೆ ಸುಲಿಯಲು ಹೋಗುವ ಹೆಂಗಸು ದಿನವೂ ದುಡ್ಡು ಕೊಡುತ್ತಾಳೆ. ಯಾರಿಗೆ ಬೇಕೋ ಅವರಿಗಿಲ್ಲ ಅಂದರೆ ಇದೇ. ಇತ್ತ ಸರ್ಕಾರಿ ಬಸ್ಸಿನ ಜೊತೆ ಪೈಪೋಟಿ ಇರುವ ದಾರಿಗಳಲ್ಲಿ ಖಾಸಗಿಯವರ ಹೆಣ್ಣು ಗಿರಾಕಿಗಳೆಲ್ಲ ಅತ್ತ ಹೋದರು. ಮಾಲೀಕರು ಲಾಸು ಅನ್ನುತ್ತಾರೆ. ಮಾಲೀಕರ ಲಾಸು ಇಳಿಯುತ್ತ ಇಳಿಯುತ್ತ ಕೊನೆಗೆ ಬಂದು ನಿಲ್ಲುವುದು ಡ್ರೈವರ್, ಕ್ಲೀನರುಗಳ ಬಟಾವಿನ ಮೇಲೆ.

ಟಿಕೆಟ್ ಕಿತ್ತುಕೊಂಡರೆ ಇದು ಸರಿಹೋಗುವುದಿಲ್ಲ. ಹಳ್ಳಿದಾರಿಗೂ ದಿನಕ್ಕೆ ಎರಡು ಸರ್ಕಾರಿ ಬಸ್ಸು ಬಿಡಬೇಕು, ಇಲ್ಲವೇ ಆ ದಾರಿಯ ಖಾಸಗಿ ಬಸ್ಸಿನ ಟಿಕೆಟ್ಟಿಗೂ ಏನಾದರೂ ದಾರಿ ಹುಡುಕಬೇಕು. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆಯಿತು, ಒಳ್ಳೆಯದೇ. ವಿಮಾನದ ಟೈಮ್ ಟೇಬಲ್ ಮನೆಯಲ್ಲೇ ಕೂತು ಫೋನಿನಲ್ಲಿ ನೋಡಬಹುದು. ಸಿಗಂದೂರಿನಿಂದ ಸಂಜೆಯ ಕೊನೆ ಬಸ್ಸು ಎಷ್ಟಕ್ಕೆ ಎಂದು ತಿಳಿಯಬೇಕಾದರೆ ಹಣ್ಣುಕಾಯಿ ಅಂಗಡಿಯವರನ್ನೇ ಕೇಳಬೇಕು. ಒಬ್ಬರು ಐದೂವರೆ ಅನ್ನುತ್ತಾರೆ, ಇನ್ನೊಬ್ಬರು "ಬಂದ್ರೆ ಬಂತು" ಅನ್ನುತ್ತಾರೆ. ಒಂದು ಬೋರ್ಡು ಬರೆಸಿ ತೂಗುಹಾಕಲು ಎಷ್ಟು ಕೋಟಿ ಬೇಕು? ಸೇತುವೆ ಕಟ್ಟಿದವರು ಬೋರ್ಡು ಕಟ್ಟಲಾರರೇ?

ಇರಲಿ, ಗಾಂಧಿ ಬಜಾರಿನ ಮನೆಗೆ ವಾಪಸು ಬರೋಣ.

ಅಂದು ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಮತ್ತೆ ಹಂಚಿನ ಮಾತು ಎತ್ತಿದರು. ಆಕೆ ಒಳಗೆ ಹೋಗಿ ಒಂದು ಹಳೇ ಬಿಸ್ಕತ್ ಡಬ್ಬಿ ತಂದು ಮುಂದಿಟ್ಟರು. ಅಂಗಡಿ ಜಿಎಸ್‌ಟಿಗೆ ಬರುವಷ್ಟು ದೊಡ್ಡದಲ್ಲ, ಆದ್ದರಿಂದ ಗೃಹಲಕ್ಷ್ಮಿಯ ಎರಡೆರಡು ಸಾವಿರ ಅವರ ಖಾತೆಗೆ ಬರುತ್ತದೆ. ಬಂದಾಗ ಬಂತು, ಬಾರದಾಗ ಇಲ್ಲ. ಅದರಲ್ಲಿ ಉಳಿದದ್ದು, ಭದ್ರಾವತಿಗೆ ಓಡಾಡಿದ ಟಿಕೆಟ್ಟಿನಲ್ಲಿ ಮಿಕ್ಕಿದ್ದು, ಎಲ್ಲ ಆ ಡಬ್ಬಿಯಲ್ಲಿತ್ತು.

"ಹಂಚಿಗೆ ಇದನ್ನ ತಗೊಳ್ಳಿ. ಆಳಿಗೆ ನಾನೇ ಫೋನ್ ಮಾಡಿದ್ದೆ, ನಮ್ಮ ಸಂಘದವಳ ಗಂಡ. ಮಂಗಳವಾರದ ತನಕ ಅವನಿಗೆ ಬಿಡುವಿಲ್ಲ ಅಂತೆ. ನಾಳೆ ಮನೇಲಿ ಕೂತು ಹಂಚು ನೋಡ್ತೀರಾ?"

ಯಜಮಾನರು ಡಬ್ಬಿ ನೋಡಿದರು. ಅತ್ತೆಯವರು ಮಂಚದ ಮೇಲಿಂದಲೇ, "ಹೋಗಿಬಾರೋ. ಅವಳ ಅಪ್ಪ ಎಷ್ಟು ದಿನ ಇರ್ತಾರೆ ಅಂತ ಬರ್ಕೊಟ್ಟಿದ್ದಾರಾ?" ಅಂದರು. ಎರಡು ವರ್ಷದಿಂದ ಆ ಮಂಚದಲ್ಲಿ ನೆನೆದವರು ಅವರು. ಹಂಚಿನ ಪರ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೇ ಇತ್ತು.

"ಖರ್ಚು ಎಷ್ಟಾಗುತ್ತೋ..." ಎಂದು ಯಜಮಾನರು ಎಳೆದರು.

"ನನ್ನ ಟಿಕೆಟ್ಟು ಸಾಗರದ ತನಕ ಫ್ರೀ. ನಿಮ್ಮದು ನೀವೇ ತಗೊಳ್ಳಿ."

ಭಾನುವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟರು. ಪಕ್ಕದ ಮನೆಯವರಿಗೆ ಅಜ್ಜಿಯ ಊಟ ಒಪ್ಪಿಸಿದ್ದಾಯಿತು. ಆಯನೂರಿನ ತನಕ ಯಜಮಾನರು ನಿಂತರು, ಆಕೆಗೆ ಕುಂಸಿ ದಾಟಿದ ಮೇಲೆ ಸೀಟು ಸಿಕ್ಕಿತು. ಸಾಗರದಲ್ಲಿ ಇಡ್ಲಿ ತಿಂದು ಸಿಗಂದೂರಿನ ಬಸ್ಸು ಹತ್ತಿದರು. ಅದು ಖಾಸಗಿ, ಇಬ್ಬರಿಗೂ ಟಿಕೆಟ್ಟು. ಅಂಬಾರಗೋಡ್ಲು ಬಂದಾಗ ಆಕೆಗೆ ಅಭ್ಯಾಸಬಲ, ಚೀಲ ಹಿಡಿದು ಎದ್ದುನಿಂತರು. "ಎಲ್ಲಿಗಮ್ಮ? ಕೂತ್ಕೊಳ್ಳಿ, ಬಸ್ಸು ಆಚೆಗೇ ಹೋಗುತ್ತೆ" ಎಂದು ಕಂಡಕ್ಟರ್ ಹೇಳಿದ ಮೇಲೆ ಕೂತರು. ಎರಡು ನಿಮಿಷ, ಮೂರು ನಿಮಿಷ. ಕೆಳಗೆ ಬೇಸಿಗೆಯ ಇಳಿದ ನೀರು, ದಡದ ಕೆಂಪು ಮಣ್ಣು. ಅಷ್ಟರಲ್ಲಿ ಆಚೆ ದಡ ಬಂತು. ಇದಕ್ಕಾಗಿಯೇ ಅವರ ತಾಯಿ ಒಂದು ಮಳೆಗಾಲದ ರಾತ್ರಿಯೆಲ್ಲ ಹೊಳೆಬಾಗಿಲಿನ ದಡದಲ್ಲಿ ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಆ ಮಗು ಇವರೇ.

ದೇವಸ್ಥಾನಕ್ಕೆ ಹೋದರು, ಹಣ್ಣುಕಾಯಿ ಆಯಿತು, ಪ್ರಸಾದದ ಊಟವೂ ಆಯಿತು. ತುಮರಿಗೆ ಬಂದಾಗ ಮಧ್ಯಾಹ್ನ ಮೂರು. ಸಂಜೆಯೇ ಹೊರಡುವ ಮಾತಿತ್ತು. ಅಪ್ಪಯ್ಯ ಬಿಡಲಿಲ್ಲ. "ಸೇತುವೆ ಇದ್ದ ಮೇಲೆ ಅವಸರ ಏನು, ರಾತ್ರಿ ಬೇಕಾದ್ರೂ ಹೋಗಬಹುದು" ಎಂದರು. ಹೋಗಬಹುದು ನಿಜ, ಬಸ್ಸು ಇದ್ದರೆ! ಕೊನೇ ಬಸ್ಸಿನ ಹೊತ್ತು ಅಪ್ಪಯ್ಯನಿಗೂ ಖಚಿತ ಇರಲಿಲ್ಲ. ಉಳಿದುಕೊಂಡರು. ಯಜಮಾನರು ರಾತ್ರಿ ಒಂಬತ್ತಕ್ಕೆ ಜಗಲಿಯಲ್ಲಿ ಮಲಗಿ, ಮಾವನ ಮನೆಯ ಹಂಚು ನೋಡಿದರು. ಒಂದೂ ಜರುಗಿರಲಿಲ್ಲ. "ಯಾರು ಕೈಯಾಡ್ಸಿದ್ದು?" ಎಂದು ಕೇಳಿದರೆ, "ನಾನೇ, ಹೋದ ತಿಂಗಳು" ಎಂದರಂತೆ ಮುದುಕರು.

ಸೋಮವಾರ ಗಾಂಧಿ ಬಜಾರಿನ ಅಂಗಡಿ ಬಾಗಿಲು ತೆಗೆದಾಗ ಹನ್ನೊಂದೂ ಮುಕ್ಕಾಲು. ಶನಿವಾರದ ಮಹಾಶಯರು ಅಲ್ಲೇ ನಿಂತಿದ್ದರು, ಸಕ್ಕರೆಗೆ.

"ಏನ್ ಸಾಹುಕಾರ್ರೇ, ಫ್ರೀ ಬಸ್ಸಿನಲ್ಲಿ ಊರು ಸುತ್ತಿ ಬಂದ್ರಾ?"

"ನನ್ನದು ಫ್ರೀ ಅಲ್ಲಪ್ಪ" ಎಂದು ಯಜಮಾನರು ತಕ್ಕಡಿ ಒರೆಸಿದರು.

ಮಂಗಳವಾರ ಆಳು ಬಂದ. ಎರಡು ದಿನದ ಕೆಲಸ. ಗೆದ್ದಲು ಹಿಡಿದ ರೀಪು ಬದಲಿಸಿದ್ದಾಯಿತು, ಒಡೆದ ಹಂಚು ನಲವತ್ತಕ್ಕೆ ಮೇಲೆ ಸಿಕ್ಕಿತು. ತಂದ ಹಂಚಿನಲ್ಲಿ ಆರು ಕಡಿಮೆ ಬಿತ್ತು. ಬಚ್ಚಲುಮನೆಯ ಮೇಲೆ ಇನ್ನೂ ಟಾರ್ಪಲ್ಲೇ ಇದೆ.